ಮೇಡಂ ಹೆಸರಿನ ಯೂಸರ್

ಬುಧವಾರ, 12 ನವೆಂಬರ್ 2025
ರಾತ್ರಿ 10.40

ಇವತ್ತು ನನಗೆ ಕೆಲಸ ಕಲಿಸಿದ ಮೇಡಂ ಹೆಸರನ್ನು ಡೇಟಾಬೇಸಿನಿಂದ ತೆಗೆಯಬೇಕಿತ್ತು. ತೆಗೆಯೋಕೆ ಆಗಲಿಲ್ಲ.

ಅವರು ರಿಟೈರ್ ಆಗಿ 12 ದಿನ ಆಯಿತು. ಐಡಿ ಕಾರ್ಡ್ ಕೊಟ್ಟರು, ಲ್ಯಾಪ್‌ಟಾಪ್ ಕೊಟ್ಟರು, ಮೇಲ್ ಬಂದ್ ಆಯಿತು. ಕ್ಲೌಡ್ ಅಕೌಂಟಿನಿಂದಲೂ ಹೆಸರು ಹೋಯಿತು. ಆದರೆ ಅಮೆಜಾನ್‌ನ ಡೇಟಾಬೇಸ್ ಸೇವೆ ಆರ್‌ಡಿಎಸ್‌ನಲ್ಲಿರುವ ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಒಳಗಿನ ಯೂಸರ್ ಹಾಗೇ ಉಳಿದಿತ್ತು. ಅಲ್ಲಿ ತೆಗೆದರೆ ಇಲ್ಲಿ ತಾನಾಗಿ ಹೋಗುವುದಿಲ್ಲ. ಎಷ್ಟೋ ಜನ ಎರಡೂ ಒಂದೇ ಅಂದುಕೊಂಡಿರುತ್ತಾರೆ.

ಊಟ ಆದಮೇಲೆ ಕೂತು, ಯೂಸರನ್ನು (ಪೋಸ್ಟ್‌ಗ್ರೆಸ್ ಭಾಷೆಯಲ್ಲಿ ರೋಲ್) ಅಳಿಸುವ ಡ್ರಾಪ್ ರೋಲ್ ಕಮಾಂಡ್ ಕೊಟ್ಟೆ. ಆಗಲ್ಲ ಅಂದಿತು. ಇನ್ನೂ ಈ ಹೆಸರಿನಲ್ಲಿ ಏನೇನೋ ಇದೆ ಅಂತ ಕೆಳಗೆ ಉದ್ದ ಪಟ್ಟಿ. ಗ್ರಾಹಕರ ಟೇಬಲ್, ಬಿಲ್ ಟೇಬಲ್, ಬಾಕಿ ಟೇಬಲ್, ಎಲ್ಲದರ ಓನರ್ ಮೇಡಂ. ಸೇರಿದ ಹೊಸತರಲ್ಲಿ ಅವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ನೋಡಿದ ಟೇಬಲ್‌ಗಳು. ಸ್ವಲ್ಪ ಹೊತ್ತು ಸುಮ್ನೆ ಆ ಪಟ್ಟಿಯನ್ನೇ ನೋಡುತ್ತಾ ಕೂತೆ.

ಅಷ್ಟರಲ್ಲಿ ನಮ್ಮ ಆಫೀಸಿನ ಹಾಸನದ ಹುಡುಗಿ ಬಂದಳು. ಎರಡು ದಿನದಿಂದ ಅವಳಿಗೆ ಮನೆಯಿಂದ ಡೇಟಾಬೇಸಿಗೆ ಕನೆಕ್ಟ್ ಆಗುತ್ತಿಲ್ಲ.

"ಸರ್, ನನಗೆ ಕೊಟ್ಟಿರೋ ಪಾಸ್‌ವರ್ಡ್ ತಪ್ಪಿದೆ ಅನ್ಸುತ್ತೆ."

"ಎರರ್ ಏನು ಬರ್ತಿದೆ?"

"ಟೈಮ್‌ಔಟ್."

"ಹಾಗಾದ್ರೆ ಪಾಸ್‌ವರ್ಡ್ ವಿಷಯವೇ ಅಲ್ಲ ನೋಡಮ್ಮ. ಅದು ತಪ್ಪಿದ್ರೆ ತಪ್ಪು ಅಂತ ಡೇಟಾಬೇಸೇ ಹೇಳುತ್ತೆ. ಸುಮ್ನೆ ಕಾಯಿಸಿ ಟೈಮ್‌ಔಟ್ ಆಗ್ತಿದೆ ಅಂದ್ರೆ ನೀನು ಬಾಗಿಲವರೆಗೂ ಹೋಗಿಲ್ಲ."

ಎಲ್ಲಿಂದ ಬಂದವರನ್ನು ಒಳಗೆ ಬಿಡಬೇಕು ಅಂತ ಬರೆದಿಡುವ ಸೆಕ್ಯುರಿಟಿ ಗ್ರೂಪ್ ತೆರೆದು ತೋರಿಸಿದೆ. ಪೋಸ್ಟ್‌ಗ್ರೆಸ್‌ನ ಬಾಗಿಲಾದ 5432 ಪೋರ್ಟಿಗೆ ಆಫೀಸಿನ ಐಪಿ, ಅಂದರೆ ಆಫೀಸ್ ನೆಟ್‌ವರ್ಕಿನ ವಿಳಾಸ, ಮಾತ್ರ ಬಿಟ್ಟಿದ್ದೇವೆ, ಮನೆಯಿಂದ ಆದರೆ ಆಫೀಸ್ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಹಾಕಿಕೊಂಡೇ ಬರಬೇಕು. ತಲೆಯಾಡಿಸಿದಳು. ಆಮೇಲೆ ನನ್ನ ಸ್ಕ್ರೀನ್ ನೋಡಿ ಕೇಳಿದಳು.

"ಮೇಡಂ ಯೂಸರ್ ಯಾಕೆ ತೆಗೀತೀರಾ ಸರ್? ಅದಕ್ಕೆ ಎಲ್ಲಾ ಪರ್ಮಿಶನ್ ಇದೆ. ಆ ಪಾಸ್‌ವರ್ಡ್ ನನಗೇ ಕೊಟ್ಬಿಡಿ, ಕೆಲಸ ನಡೆಯುತ್ತೆ."

ಬಯ್ಯುವಂಥ ಮಾತಲ್ಲ ಅದು. ಎರಡು ದಿನ ಒದ್ದಾಡಿದ ಮಗು ಕೇಳುವ ಮಾತು. ಆದರೂ ಮನಸ್ಸಿಗೆ ಚುಚ್ಚಿತು. "ನಾಳೆ ನೀನು ಒಂದು ಡಿಲೀಟ್ ಕೊಟ್ಟು 5,000 ಸಾಲು ಹೋಯ್ತು ಅಂತ ಇಟ್ಕೋ. ಲಾಗ್‌ನಲ್ಲಿ ಯಾರ ಹೆಸರು ಬರುತ್ತೆ?" ಅಂದೆ. ಅವಳು ಮಾತಾಡಲಿಲ್ಲ. "ದುಡಿದು ದಣಿದು ಮನೆಗೆ ಹೋದವರ ಹೆಸರು ಬರುತ್ತೆ. ನೀನು ಒಳ್ಳೆ ಕೆಲಸ ಮಾಡಿದ್ರೂ ಅಷ್ಟೇ, ಅದೂ ಅವರ ಲೆಕ್ಕಕ್ಕೇ ಹೋಗುತ್ತೆ." ಆಗ ತಲೆ ಎತ್ತಿದಳು.

ಅವಳನ್ನು ಕೂರಿಸಿಕೊಂಡು, ಓದೋಕೆ ಮಾತ್ರ ಅಂತ ಒಂದು ಗ್ರೂಪ್ ರೋಲ್ ಮಾಡಿ ಅವಳ ಯೂಸರನ್ನು ಅದಕ್ಕೆ ಸೇರಿಸಿದೆ. ಎಲ್ಲಾ ಟೇಬಲ್‌ಗೂ ಸೆಲೆಕ್ಟ್ ಗ್ರಾಂಟ್, ಅಂದರೆ ಓದುವ ಪರ್ಮಿಶನ್, ಕೊಟ್ಟರೂ ಅದು ಇವತ್ತು ಇರುವ ಟೇಬಲ್‌ಗಳಿಗೆ ಮಾತ್ರ. ನಾಳೆ ಹುಟ್ಟುವ ಟೇಬಲ್‌ಗೆ ಡಿಫಾಲ್ಟ್ ಪ್ರಿವಿಲೇಜ್ ಬೇರೆ ಬರೆಯಬೇಕು. ಅದೂ ಟೇಬಲ್ ಮಾಡುವ ಯೂಸರ್ ಯಾರು ಅಂತ ನೋಡಿ ಬರೆಯಬೇಕು. ಇದನ್ನು ನನಗೆ ಹೇಳಿಕೊಟ್ಟವರು ಮೇಡಂ. ಯಾರ ಪಾಸ್‌ವರ್ಡೂ ಯಾರಿಗೂ ಕೊಡಬಾರದು ಅಂತ ಕಲಿಸಿದವರೂ ಅವರೇ.

ಕಾಫಿ ತಣ್ಣಗಾಗಿತ್ತು. ಹೊರಗೆ ಜಿಟಿಜಿಟಿ ಮಳೆ.

ಟೇಬಲ್‌ಗಳನ್ನು ಬೇರೆ ರೋಲ್ ಹೆಸರಿಗೆ ಮಾಡಿಸಬೇಕು, ರೀಅಸೈನ್ ಓನ್ಡ್ ಅನ್ನೋ ಕಮಾಂಡ್ ಕೊಟ್ಟರೆ ಆಗುತ್ತೆ. ಆದರೆ ಆರ್‌ಡಿಎಸ್‌ನಲ್ಲಿ ಮಾಸ್ಟರ್ ಯೂಸರ್ ಕೂಡ ಎಲ್ಲಾ ಅಧಿಕಾರ ಇರುವ ನಿಜವಾದ ಸೂಪರ್‌ಯೂಸರ್ ಅಲ್ಲ. ಮೊದಲು ಮೇಡಂ ರೋಲನ್ನೇ ಮಾಸ್ಟರ್‌ಗೆ ಗ್ರಾಂಟ್ ಮಾಡಿಕೊಳ್ಳಬೇಕು. ಒಂದೊಂದು ಡೇಟಾಬೇಸಿಗೂ ಹೋಗಿ ಬೇರೆ ಬೇರೆ ಕೊಡಬೇಕು. ನಾಳೆ ಮಾಡೋಣ ಅಂತ ಸದ್ಯಕ್ಕೆ ಮೇಡಂ ಯೂಸರ್‌ಗೆ ನೋ ಲಾಗಿನ್ ಹಾಕಿದೆ.

ಹೊರಡುವ ಮುಂಚೆ, ಈಗ ಯಾರ್ಯಾರು ಕನೆಕ್ಟ್ ಆಗಿದ್ದಾರೆ ಅಂತ ತೋರಿಸುವ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ ನೋಡಿದೆ. ಮೇಡಂ ಹೆಸರಿನಲ್ಲಿ ಒಂದು ಕನೆಕ್ಷನ್ ಇನ್ನೂ ಇತ್ತು. ನೋ ಲಾಗಿನ್ ಹೊಸದಾಗಿ ಬರುವವರನ್ನು ತಡೆಯುತ್ತೆ, ಒಳಗೆ ಇರುವವರನ್ನು ಎಬ್ಬಿಸಲ್ಲ. ಐಪಿ ನೋಡಿದರೆ ನಮ್ಮ ರಿಪೋರ್ಟ್ ಸರ್ವರ್.

ಮೈಸೂರಿನಲ್ಲಿರುವ ಮೇಡಂಗೆ ಫೋನ್ ಮಾಡಿದೆ.

"ಏನೋ, ಇನ್ನೂ ಆಫೀಸಲ್ಲೇ ಇದ್ದೀಯಾ? ಊಟ ಆಯ್ತಾ?"

ವಿಷಯ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಕುಕ್ಕರ್ ಕೂಗಿದ್ದು ಕೇಳಿಸಿತು.

"ಅಯ್ಯೋ, ಆ ಬೆಳಗಿನ ರಿಪೋರ್ಟು. ಅವತ್ತು ತುಂಬಾ ಅರ್ಜೆಂಟ್ ಇತ್ತು ಕಣೋ. ನಾಳೆ ಬದಲಾಯಿಸಿದ್ರಾಯ್ತು ಅಂತ ನನ್ನದೇ ಪಾಸ್‌ವರ್ಡ್ ಹಾಕಿದ್ದೆ."

"ಯಾವಾಗ ಮೇಡಂ?"

"ಲಾಕ್‌ಡೌನ್ ಟೈಮಲ್ಲಿ."

ಅವರ ದನಿ ಇಳಿದುಹೋಗಿತ್ತು. ಪರವಾಗಿಲ್ಲ ಮೇಡಂ, ನಾನು ನೋಡ್ಕೋತೀನಿ ಅಂದೆ. ಅವರು ಎರಡು ಸಲ ಸಾರಿ ಕಣೋ ಅಂದರು. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಸಂಕಟ ಆಯಿತು.

ಬೆಳಗ್ಗೆ 6ಕ್ಕೆ ರಿಪೋರ್ಟ್ ಹೋಗಬೇಕು. ಆ ಸರ್ವರ್ ರಾತ್ರಿ ರೀಸ್ಟಾರ್ಟ್ ಆದರೆ ಮತ್ತೆ ಲಾಗಿನ್ ಆಗೋಕೆ ಆಗದೆ ರಿಪೋರ್ಟ್ ಹೋಗಲ್ಲ. ಅದಕ್ಕೇ ಮನೆಗೆ ಬಂದು ವಿಪಿಎನ್ ಹಾಕಿ ಮೇಡಂ ಯೂಸರ್‌ಗೆ ಲಾಗಿನ್ ವಾಪಸ್ ಕೊಟ್ಟೆ. ನಾಳೆ ಮೊದಲು ರಿಪೋರ್ಟಿಗೇ ಅಂತ ಒಂದು ಯೂಸರ್ ಮಾಡಬೇಕು. ಆ ಪಾಸ್‌ವರ್ಡ್ ಇನ್ನೂ ಎಲ್ಲೆಲ್ಲಿ ಇದೆಯೋ, ಹುಡುಕಬೇಕು.

ಹಾಸನದ ಹುಡುಗಿಗೂ ಇದನ್ನು ಹೇಳಬೇಕು ಅನ್ಸುತ್ತೆ. ಮೇಡಂ ಹೆಸರು ಎತ್ತದೆ ಹೇಗೆ ಹೇಳಲಿ? ಸ್ಕ್ರೀನ್ ತುಂಬಾ ಅದೇ ಹೆಸರು ಇದೆಯಲ್ಲ, ಅವಳೂ ನೋಡಿದ್ದಾಳೆ