ಮತ ಹಾಕಿ ಯುದ್ಧಕ್ಕಿಳಿದ ಸೈನ್ಯ

ಟೆಕ್ಸಾಸಿನ ಸ್ವಾತಂತ್ರ್ಯ ಯುದ್ಧವೆಂದರೆ ಹೆಚ್ಚಿನವರಿಗೆ ನೆನಪಾಗುವುದು ಅಲಾಮೊ ಒಂದೇ. ಸ್ಯಾನ್ ಆಂಟೋನಿಯೊದ ಆ ಹಳೆಯ ಮಿಷನ್ ಕಟ್ಟಡದಲ್ಲಿ 1836ರ ಫೆಬ್ರವರಿ 23ರಿಂದ ಮಾರ್ಚ್ 6ರವರೆಗೆ ಮುತ್ತಿಗೆಗೆ ಸಿಕ್ಕಿ, ಕೊನೆಗೆ ಹೆಚ್ಚುಕಡಿಮೆ ಎಲ್ಲರೂ ಹತರಾದ ಹೋರಾಟಗಾರರ ಕಥೆಯನ್ನು ಎಷ್ಟೋ ಬಾರಿ ಹೇಳಲಾಗಿದೆ. ಈ ಯುದ್ಧದ ಬಗ್ಗೆ ಓದುತ್ತ ಹೋದಂತೆ ನನ್ನನ್ನು ಕಾಡಿದ ಪ್ರಶ್ನೆ ಬೇರೆಯದು. ಅಷ್ಟು ಮುಖ್ಯವಾದ ನೆಲೆಯಲ್ಲಿ ಇನ್ನೂರರ ಆಸುಪಾಸಿನಷ್ಟೇ ಜನ ಏಕಿದ್ದರು? ಕೆಲವೇ ವಾರಗಳ ಹಿಂದೆ ಅದೇ ಊರನ್ನು ಗೆದ್ದುಕೊಂಡಿದ್ದ ಸೈನ್ಯ ಎಲ್ಲಿ ಹೋಗಿತ್ತು? ಇದಕ್ಕೆ ಉತ್ತರ ಹುಡುಕಬೇಕಾದರೆ ಆ ಸೈನ್ಯ ಎಂಥದ್ದು ಎಂಬುದನ್ನು ಮೊದಲು ನೋಡಬೇಕು. ಅದರಲ್ಲಿ ಬಹುಪಾಲು ಜನ ಸ್ವಯಂಸೇವಕರು. ತಮ್ಮ ಅಧಿಕಾರಿಗಳನ್ನು ತಾವೇ ಮತ ಹಾಕಿ ಆರಿಸಿಕೊಳ್ಳುತ್ತಿದ್ದವರು, ಮನಸ್ಸಿಲ್ಲದಿದ್ದರೆ ಆಜ್ಞೆಯನ್ನು ಬದಿಗಿಡುತ್ತಿದ್ದವರು, ಸಾಕೆನಿಸಿದಾಗ ಮನೆಗೆ ಹೊರಟುಬಿಡುತ್ತಿದ್ದವರು.

ಯುದ್ಧದ ಕಾರಣಗಳನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. ಆಗ ಟೆಕ್ಸಾಸ್ ಮೆಕ್ಸಿಕೊ ದೇಶದ ಗಡಿಸೀಮೆಯಾಗಿತ್ತು. ಅಮೆರಿಕದಿಂದ ಬಂದು ನೆಲೆಸುವುದನ್ನು ಮೆಕ್ಸಿಕೊ 1830ರ ಏಪ್ರಿಲ್ 6ರ ಕಾನೂನಿನಿಂದ ತಡೆಯಲು ಯತ್ನಿಸಿತ್ತು. ಅಧ್ಯಕ್ಷ ಸಾಂಟಾ ಅನಾ 1824ರ ಸಂವಿಧಾನವನ್ನು ಬದಿಗೊತ್ತಿ ಅಧಿಕಾರವನ್ನೆಲ್ಲ ರಾಜಧಾನಿಯಲ್ಲಿ ಕೇಂದ್ರೀಕರಿಸುತ್ತಿದ್ದನು. ವಿರೋಧಿಸಿದ ಸಕಾಟೆಕಸ್ ಪ್ರಾಂತ್ಯವನ್ನು 1835ರ ಮೇ ತಿಂಗಳಲ್ಲಿ ಕ್ರೂರವಾಗಿ ಹತ್ತಿಕ್ಕಿದ್ದನು. ಇವುಗಳ ಜೊತೆಗೆ ಗುಲಾಮಗಿರಿಯ ಪ್ರಶ್ನೆಯೂ ಇತ್ತು. ಮೆಕ್ಸಿಕೊ 1829ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿ ಟೆಕ್ಸಾಸಿಗೆ ವಿನಾಯಿತಿ ಕೊಟ್ಟಿದ್ದರೂ, ಅಮೆರಿಕದ ದಕ್ಷಿಣದಿಂದ ಗುಲಾಮರನ್ನು ಕರೆತಂದಿದ್ದ ವಲಸಿಗರ ಆತಂಕ ಹೋಗಿರಲಿಲ್ಲ. 1836ರಲ್ಲಿ ಹುಟ್ಟಿದ ಹೊಸ ಗಣರಾಜ್ಯದ ಸಂವಿಧಾನ ಗುಲಾಮಗಿರಿಗೆ ಸ್ಪಷ್ಟ ರಕ್ಷಣೆ ಕೊಟ್ಟಿತು. ಸ್ವತಂತ್ರ ಕಪ್ಪು ಜನರು ಸಂಸತ್ತಿನ ಅನುಮತಿಯಿಲ್ಲದೆ ಅಲ್ಲಿ ನೆಲೆಸುವಂತೆಯೇ ಇರಲಿಲ್ಲ. ಸ್ವಾತಂತ್ರ್ಯಕ್ಕಾಗಿ ಹೋರಾಡಿದವರೆಂದು ಈ ಸೈನಿಕರನ್ನು ಹೊಗಳುವಾಗ ಇದನ್ನು ಬಿಟ್ಟು ಮಾತನಾಡುವುದು ನನಗೆ ಸರಿ ಎನಿಸುವುದಿಲ್ಲ.

ಯುದ್ಧ ಆರಂಭವಾದದ್ದು ಒಂದು ಸಣ್ಣ ಫಿರಂಗಿಯ ವಿಷಯಕ್ಕೆ. ಕೊಮಾಂಚೆ ಎಂಬ ಮೂಲನಿವಾಸಿ ಬುಡಕಟ್ಟಿನವರ ದಾಳಿಗಳಿಂದ ರಕ್ಷಿಸಿಕೊಳ್ಳಲೆಂದು 1831ರಲ್ಲಿ ಗೊನ್ಸಾಲೆಸ್ ಊರಿನವರಿಗೆ ಕೊಟ್ಟಿದ್ದ ಆ ಫಿರಂಗಿಯನ್ನು ಮರಳಿ ಪಡೆಯಲು 1835ರಲ್ಲಿ ಸುಮಾರು ನೂರು ಮೆಕ್ಸಿಕನ್ ಕುದುರೆ ಸವಾರರು ಬಂದಾಗ, ಹದಿನೆಂಟು ಜನ ನದಿಯ ದಡದಲ್ಲಿ ನಿಂತು ಸುತ್ತಲಿನ ವಸತಿಗಳಿಂದ ನೆರವು ಬರುವವರೆಗೆ ಕಾಲ ತಳ್ಳಿದರು. ಅಕ್ಟೋಬರ್ 2ರಂದು ಗುಂಡು ಹಾರಿತು. ಅದಾದ ಕೆಲವೇ ದಿನಗಳಲ್ಲಿ ಅಲ್ಲಿ ನೆರೆದ ಜನರು ಸ್ಟೀಫನ್ ಆಸ್ಟಿನ್‌ನನ್ನು ದಂಡನಾಯಕನಾಗಿ ಆರಿಸಿ ಸ್ಯಾನ್ ಆಂಟೋನಿಯೊದತ್ತ ಹೊರಟರು.

ಆಸ್ಟಿನ್ ವಲಸೆಯ ಮುಂದಾಳಾಗಿ ಎಷ್ಟೇ ಗೌರವ ಗಳಿಸಿದ್ದರೂ, ತನ್ನ ಸೈನ್ಯ ತನ್ನದಲ್ಲವೆಂಬುದು ಅವನಿಗೆ ಬೇಗ ತಿಳಿಯಿತು. ನವೆಂಬರ್ ಕೊನೆಯ ಹೊತ್ತಿಗೆ ಅವನು ಊರಿನ ಮೇಲೆ ದಾಳಿ ಮಾಡಲು ಆಜ್ಞಾಪಿಸಿದಾಗ, ಇದಕ್ಕೆ ಬರಲು ಒಪ್ಪುವವರು ತೀರ ಕಡಿಮೆ ಎಂದು ಅಧಿಕಾರಿಗಳು ತಿಳಿಸಿದರು. ಆಜ್ಞೆಯನ್ನು ಹಿಂತೆಗೆದುಕೊಳ್ಳದೆ ಬೇರೆ ದಾರಿಯಿರಲಿಲ್ಲ. ಅವನು ನೆರವು ಕೋರಲು ಅಮೆರಿಕಕ್ಕೆ ಹೊರಟಾಗ ಎಡ್ವರ್ಡ್ ಬರ್ಲ್‌ಸನ್ ಆ ಸ್ಥಾನಕ್ಕೆ ಆಯ್ಕೆಯಾದನು. ಅವನ ಕಾಲದಲ್ಲಿಯೂ ಚಳಿಗಾಲಕ್ಕೆ ಮುತ್ತಿಗೆ ಬಿಟ್ಟು ಹಿಂದಿರುಗುವ ತೀರ್ಮಾನವೇ ಆಗಿತ್ತು. ಆಗ ಬೆನ್ ಮೈಲಮ್ ಎಂಬ ಹಿರಿಯ ಮುಂದೆ ಬಂದು, ತನ್ನೊಡನೆ ಊರಿನೊಳಗೆ ನುಗ್ಗಲು ಯಾರು ಬರುತ್ತೀರೆಂದು ಕೂಗಿ ಕೇಳಿದನು. ಸುಮಾರು ಮುನ್ನೂರು ಜನ ಬಂದರು. ಡಿಸೆಂಬರ್ 5ರಿಂದ ಮನೆಯಿಂದ ಮನೆಗೆ ಗೋಡೆ ಒಡೆದುಕೊಂಡು ಸಾಗಿದ ಕಾಳಗದಲ್ಲಿ ಮೈಲಮ್ ಮೂರನೆಯ ದಿನ ಸತ್ತನು. ಮೆಕ್ಸಿಕನ್ ಜನರಲ್ ಕೋಸ್ ಶರಣಾಗಿ ಟೆಕ್ಸಾಸ್ ಬಿಟ್ಟು ಹೊರಟನು. ಆಜ್ಞೆಗೆ ಬಗ್ಗದ ಅದೇ ಜನ, ಎರಡೇ ವಾರಗಳ ಅಂತರದಲ್ಲಿ, ಒಂದು ಕರೆಗೆ ಓಗೊಟ್ಟು ಪ್ರಾಣವನ್ನೇ ಪಣಕ್ಕಿಟ್ಟರು. ಈ ಯುದ್ಧದ ಗೆಲುವು ಸೋಲುಗಳೆಲ್ಲವನ್ನೂ ಈ ಒಂದು ಸ್ವಭಾವದಿಂದಲೇ ವಿವರಿಸಬಹುದೆಂದು ನನ್ನ ಅಭಿಪ್ರಾಯ.

ಗೆದ್ದ ಮೇಲೆ ಟೆಕ್ಸಾಸಿನ ನಿವಾಸಿಗಳಲ್ಲಿ ಬಹಳಷ್ಟು ಮಂದಿ ಹೊಲ, ಮನೆ, ಸಂಸಾರ ನೋಡಿಕೊಳ್ಳಲು ಹಿಂದಿರುಗಿದರು. ಉಳಿದವರಲ್ಲಿ ಆಗಷ್ಟೇ ಅಮೆರಿಕದಿಂದ ಬಂದವರೇ ಹೆಚ್ಚು. ನ್ಯೂ ಆರ್ಲಿಯನ್ಸ್ ನಗರದಲ್ಲಿ ಅಕ್ಟೋಬರ್‌ನಲ್ಲಿ ನಡೆದ ಒಂದು ಸಭೆಯಿಂದಲೇ ಎರಡು ತುಕಡಿಗಳು ಹುಟ್ಟಿದ್ದವು; ಬೂದು ಬಣ್ಣದ ಉಡುಪಿನಿಂದಾಗಿ ಅವರಿಗೆ ನ್ಯೂ ಆರ್ಲಿಯನ್ಸ್ ಗ್ರೇಸ್ ಎಂಬ ಹೆಸರು ಬಂತು. ಅಲಬಾಮದ ರೆಡ್ ರೋವರ್ಸ್ ಪಡೆಯವರು ಕೆಂಪು ಬಣ್ಣ ಹಾಕಿದ ಉಡುಪಿನಲ್ಲಿ ಬಂದರು. ಅವರ ನಾಯಕ ಜ್ಯಾಕ್ ಶ್ಯಾಕಲ್‌ಫರ್ಡ್ ವೃತ್ತಿಯಿಂದ ವೈದ್ಯ. ಜಾರ್ಜಿಯ, ಕೆಂಟಕಿ, ಟೆನೆಸಿಗಳಿಂದಲೂ ಜನ ಬಂದರು. ಅಮೆರಿಕದ ತಟಸ್ಥತೆಯ ಕಾನೂನಿನ ಪ್ರಕಾರ ಇನ್ನೊಂದು ದೇಶದ ಮೇಲೆ ದಂಡೆತ್ತಿ ಹೋಗುವಂತಿರಲಿಲ್ಲವಾದ್ದರಿಂದ, ಬಂದೂಕು ಹಿಡಿದವರು ಕೂಡ ತಾವು ವಲಸೆ ಹೋಗುತ್ತಿದ್ದೇವೆಂದೇ ಹೇಳಿಕೊಂಡರು.

ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಯುದ್ಧ ಮುಗಿಯುವವರೆಗೆ ಇರುವ ಸ್ವಯಂಸೇವಕನಿಗೆ 640 ಎಕರೆ, ಮೂರು ತಿಂಗಳು ಇರುವವನಿಗೆ 320 ಎಕರೆ ಭೂಮಿ ಕೊಡುವುದಾಗಿ ಟೆಕ್ಸಾಸಿನ ತಾತ್ಕಾಲಿಕ ಸರ್ಕಾರ ಮಾತು ಕೊಟ್ಟಿತ್ತು. ಅಮೆರಿಕದ ಸರ್ಕಾರಿ ಭೂಮಿಗೆ ಆಗ ಎಕರೆಗೆ ಕನಿಷ್ಠ ಬೆಲೆ ಒಂದೂಕಾಲು ಡಾಲರ್. ಆ ಲೆಕ್ಕದಲ್ಲಿ 640 ಎಕರೆ ಎಂದರೆ 800 ಡಾಲರ್. ಕೈಯಲ್ಲಿ ಕಾಸಿಲ್ಲದ ಇಪ್ಪತ್ತರ ಹುಡುಗನಿಗೆ ಇದು ಸಣ್ಣ ಆಸೆಯಲ್ಲ. ಆದರ್ಶವೋ ಭೂಮಿಯೋ ಎಂದು ಅವನನ್ನು ಎರಡಾಗಿ ಸೀಳಿ ನೋಡುವುದರಿಂದ ಪ್ರಯೋಜನವಿಲ್ಲ; ಅವನಿಗೆ ಎರಡೂ ಬೇಕಿದ್ದವು.

ಹೀಗೆ ಹೊಸದಾಗಿ ಬಂದವರಿಗೆ ಸುಮ್ಮನೆ ಕಾವಲು ಕಾಯುವುದು ಬೇಡವಾಗಿತ್ತು. ರಿಯೊ ಗ್ರಾಂಡೆ ದಾಟಿ ಮಾತಮೊರೊಸ್ ಬಂದರನ್ನು ಹಿಡಿಯೋಣವೆಂದು ಜೇಮ್ಸ್ ಗ್ರ್ಯಾಂಟ್ ಮತ್ತು ಫ್ರ್ಯಾಂಕ್ ಜಾನ್ಸನ್ ಹೊರಟಾಗ, ಸ್ಯಾನ್ ಆಂಟೋನಿಯೊದಲ್ಲಿದ್ದವರಲ್ಲಿ ಹೆಚ್ಚಿನವರು ಮದ್ದುಗುಂಡು, ಔಷಧಿ, ಬಟ್ಟೆಬರೆಗಳೊಡನೆ ಅವರ ಹಿಂದೆ ನಡೆದರು. ಅಲಾಮೊದಲ್ಲಿ ಜೇಮ್ಸ್ ನೀಲ್‌ನ ಕೈಕೆಳಗೆ ಉಳಿದವರು ಸುಮಾರು ನೂರು ಜನ. ನಾನು ಮೊದಲಿಗೆ ಎತ್ತಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಸ್ಯಾಮ್ ಹ್ಯೂಸ್ಟನ್ ಪ್ರಧಾನ ದಂಡನಾಯಕನೆನಿಸಿಕೊಂಡಿದ್ದರೂ ಅವನ ಅಧಿಕಾರ ಇನ್ನೂ ಕಟ್ಟಬೇಕಾಗಿದ್ದ ಕಾಯಂ ಸೈನ್ಯಕ್ಕೆ ಮಾತ್ರ ಸೀಮಿತವಾಗಿತ್ತು. ಜನವರಿಯಲ್ಲಿ ಅವನು ರೆಫ್ಯೂಜಿಯೊಗೆ ಹೋಗಿ, ಮಾತಮೊರೊಸ್‌ಗೆ ಹೋಗಬೇಡಿರೆಂದು ಭಾಷಣ ಮಾಡಿ ಬೇಡಿಕೊಳ್ಳಬೇಕಾಯಿತು. ಕೆಲವರು ಕೇಳಿದರು, ಕೆಲವರು ಕೇಳಲಿಲ್ಲ. ತಾತ್ಕಾಲಿಕ ಸರ್ಕಾರದ ಗವರ್ನರ್ ಹೆನ್ರಿ ಸ್ಮಿತ್ ಮತ್ತು ಅವನ ಮಂಡಳಿಯ ನಡುವಿನ ಜಗಳದಲ್ಲಿ ಯಾರ ಮಾತು ನಡೆಯಬೇಕೆಂಬುದೇ ಇತ್ಯರ್ಥವಾಗಿರಲಿಲ್ಲ.

ಅಲಾಮೊದೊಳಗೂ ಚುನಾವಣೆ ತಪ್ಪಲಿಲ್ಲ. ಫೆಬ್ರವರಿಯಲ್ಲಿ ನೀಲ್ ರಜೆಯ ಮೇಲೆ ಹೊರಟು ಕಾಯಂ ಸೈನ್ಯದ ಅಧಿಕಾರಿ, 26 ವರ್ಷದ ವಿಲಿಯಮ್ ಟ್ರ್ಯಾವಿಸ್‌ಗೆ ಹೊಣೆ ಒಪ್ಪಿಸಿದಾಗ, ಸ್ವಯಂಸೇವಕರು ಅವನನ್ನು ಒಪ್ಪದೆ ಜಿಮ್ ಬೋವಿಯನ್ನು ಆರಿಸಿದರು. ಕೊನೆಗೆ ಇಬ್ಬರೂ ಅಧಿಕಾರವನ್ನು ಹಂಚಿಕೊಂಡರು. ಟೆನೆಸಿಯ ಮಾಜಿ ಸಂಸದ ಡೇವಿಡ್ ಕ್ರಾಕೆಟ್ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕುವಾಗ, ತಾನು ನಿಷ್ಠನಾಗಿರುವುದು ಮುಂದೆ ಬರುವ ಯಾವುದೋ ಸರ್ಕಾರಕ್ಕಲ್ಲ, ಗಣರಾಜ್ಯ ಸರ್ಕಾರಕ್ಕೆ ಮಾತ್ರವೆಂದು ಪದ ಸೇರಿಸಿಯೇ ಹಾಕಿದ್ದನು. ಅವರು ಶರತ್ತು ಹಾಕಿ ಸೇರುವ ಜನ. ಆದರೂ ಮಾರ್ಚ್ 1ರಂದು ಗೊನ್ಸಾಲೆಸ್‌ನ 32 ಜನ ಮೆಕ್ಸಿಕನ್ ಸೈನ್ಯದ ಸಾಲುಗಳನ್ನು ದಾಟಿ ಅಲಾಮೊದೊಳಕ್ಕೆ ಹೋದರು. ಹೋಗಲೇಬೇಕೆಂದು ಅವರಿಗೆ ಯಾರೂ ಆಜ್ಞಾಪಿಸಿರಲಿಲ್ಲ.

ಈ ಕಥೆಯಲ್ಲಿ ಹಿಂದೆ ಸರಿದುಹೋದವರೆಂದರೆ ತೆಹಾನೊಗಳು, ಅಂದರೆ ಟೆಕ್ಸಾಸಿನ ಮೆಕ್ಸಿಕನ್ ಮೂಲದ ನಿವಾಸಿಗಳು. ಗ್ರೆಗೊರಿಯೊ ಎಸ್ಪಾರ್ಸ ಅಲಾಮೊದಲ್ಲಿ ಸತ್ತನು. ಮೆಕ್ಸಿಕನ್ ಸೈನ್ಯದ ಕಡೆಯಿದ್ದ ಅವನ ತಮ್ಮ ಫ್ರಾನ್ಸಿಸ್ಕೊ ಅನುಮತಿ ಬೇಡಿ ಅಣ್ಣನ ಶವವನ್ನು ಮಣ್ಣು ಮಾಡಿದನು. ಉಳಿದವರ ಶವಗಳನ್ನು ಸುಡಲಾಗಿತ್ತು. ಸಂದೇಶ ಹೊತ್ತು ಹೊರಗೆ ಹೋಗಿದ್ದರಿಂದ ಬದುಕಿ ಉಳಿದ ಹುವಾನ್ ಸೆಗೀನ್, ಮರುವರ್ಷ ಫೆಬ್ರವರಿಯಲ್ಲಿ ಆ ಬೂದಿಗೆ ಸೈನಿಕ ಗೌರವ ಸಲ್ಲಿಸಿದನು. ಮುಂದೆ ಸ್ಯಾನ್ ಆಂಟೋನಿಯೊದ ಮೇಯರ್ ಆದ ಇದೇ ಸೆಗೀನ್, ಹೊಸ ವಲಸಿಗರ ಹಗೆತನ ತಾಳಲಾರದೆ 1842ರಲ್ಲಿ ಮೆಕ್ಸಿಕೊಗೆ ಓಡಿಹೋಗಬೇಕಾಯಿತು.

ಸಂಖ್ಯೆಯಲ್ಲಿ ನೋಡಿದರೆ ಸ್ವಯಂಸೇವಕರಿಗೆ ಅತಿ ದೊಡ್ಡ ಪೆಟ್ಟು ಬಿದ್ದದ್ದು ಗೋಲಿಯಾಡ್‌ನಲ್ಲಿ. ಅಲ್ಲಿನ ಕೋಟೆಯಲ್ಲಿದ್ದ ಪಡೆಯ ನಾಯಕ ಜೇಮ್ಸ್ ಫ್ಯಾನಿನ್ ಅಲಾಮೊಗೆ ನೆರವಾಗಲು ಹೊರಟು, ಬಂಡಿಗಳು ಮುರಿದು ಹಿಂದಿರುಗಿದನು. ಕೋಟೆ ಬಿಟ್ಟು ಬರಬೇಕೆಂದು ಹ್ಯೂಸ್ಟನ್ ಹೇಳಿಕಳುಹಿಸಿದರೂ ತಡಮಾಡಿ, ಮಾರ್ಚ್ 19ರಂದು ನೀರಿಲ್ಲದ ಬಯಲಿನಲ್ಲಿ ಮೆಕ್ಸಿಕನ್ ಜನರಲ್ ಉರ್ರೇಯಾನ ಸೈನ್ಯಕ್ಕೆ ಸಿಕ್ಕಿಬಿದ್ದನು. ಮರುದಿನ ಶರಣಾದ ಸೈನಿಕರು ತಮ್ಮನ್ನು ನ್ಯೂ ಆರ್ಲಿಯನ್ಸ್‌ಗೆ ಮರಳಿಸುವರೆಂದೇ ನಂಬಿದ್ದರು. ಆದರೆ ಶಸ್ತ್ರ ಹಿಡಿದು ಬಂದ ವಿದೇಶಿಯರನ್ನು ಕಡಲ್ಗಳ್ಳರೆಂದು ಪರಿಗಣಿಸಬೇಕೆಂಬ ಡಿಸೆಂಬರ್ 30ರ ಆದೇಶ ಮೆಕ್ಸಿಕೊ ಸರ್ಕಾರದ್ದಿತ್ತು. ಕ್ಷಮೆ ತೋರಬೇಕೆಂಬ ಉರ್ರೇಯಾನ ಮನವಿಯನ್ನು ಸಾಂಟಾ ಅನಾ ತಳ್ಳಿಹಾಕಿದನು. ಮಾರ್ಚ್ 27ರ ಭಾನುವಾರ ಅವರನ್ನು ಗುಂಪುಗುಂಪಾಗಿ ಹೊರಗೆ ನಡೆಸಿಕೊಂಡು ಹೋಗಿ ಗುಂಡಿಟ್ಟು ಕೊಲ್ಲಲಾಯಿತು. ಸತ್ತವರು ಸುಮಾರು 340. ತಪ್ಪಿಸಿಕೊಂಡವರು ಮೂವತ್ತಕ್ಕೂ ಕಡಿಮೆ. ವೈದ್ಯನಾದ್ದರಿಂದ ಶ್ಯಾಕಲ್‌ಫರ್ಡ್‌ನನ್ನು ಉಳಿಸಿಕೊಂಡರು. ಅವನ ಪಡೆಯಲ್ಲಿದ್ದ ಅವನ ಮಗನನ್ನು ಕೊಂದರು.

ಇಷ್ಟಾದ ಮೇಲೂ ಸ್ವಭಾವ ಬದಲಾಗಲಿಲ್ಲ. ಹ್ಯೂಸ್ಟನ್ ಪೂರ್ವಕ್ಕೆ ಹಿಮ್ಮೆಟ್ಟುತ್ತ ಹೋದಾಗ ಮೋಸ್ಲಿ ಬೇಕರ್ ಮತ್ತು ವೈಲಿ ಮಾರ್ಟಿನ್ ಎಂಬ ಇಬ್ಬರು ನಾಯಕರು ಇನ್ನೊಂದು ಹೆಜ್ಜೆಯನ್ನೂ ಹಿಂದಿಡುವುದಿಲ್ಲವೆಂದರು. ಅವರನ್ನು ಬ್ರಾಜೋಸ್ ನದಿಯ ದಾಟುಗಳನ್ನು ಕಾಯಲು ನೇಮಿಸಿ ಹ್ಯೂಸ್ಟನ್ ಮುಂದೆ ಸಾಗಿದನು. ಇದು ಜಾಣತನ. ಏಪ್ರಿಲ್ 21ರಂದು ಸ್ಯಾನ್ ಹಸಿಂಟೊದಲ್ಲಿ ಸುಮಾರು 900 ಜನ ಮಧ್ಯಾಹ್ನದ ಹೊತ್ತಿನಲ್ಲಿ ಮೆಕ್ಸಿಕನ್ ಬಿಡಾರದ ಮೇಲೆ ಬಿದ್ದರು. ಹದಿನೆಂಟು ನಿಮಿಷಗಳಲ್ಲಿ ಕಾಳಗ ಮುಗಿಯಿತೆಂದು ಹ್ಯೂಸ್ಟನ್ ವರದಿ ಮಾಡಿದನು. ಆದರೆ ಸೋತವರನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವುದನ್ನು ಅಧಿಕಾರಿಗಳು ಬೇಗ ನಿಲ್ಲಿಸಲಾಗಲಿಲ್ಲ. ಮೆಕ್ಸಿಕೊ ಕಡೆ ಸತ್ತವರು ಆ ವರದಿಯ ಪ್ರಕಾರ 630.

ಯುದ್ಧ ಮುಗಿದ ಮೇಲೆಯೂ ಅಮೆರಿಕದಿಂದ ಹಡಗುಗಳಲ್ಲಿ ಜನ ಬರುತ್ತಲೇ ಇದ್ದರು. ಸ್ಯಾನ್ ಹಸಿಂಟೊದ ಸೋಲಿನ ನಂತರ ಸೆರೆಸಿಕ್ಕು, ಒಪ್ಪಂದದಂತೆ ಊರಿಗೆ ಹೊರಟಿದ್ದ ಸಾಂಟಾ ಅನಾನನ್ನು ಥಾಮಸ್ ಜೆಫರ್ಸನ್ ಗ್ರೀನ್‌ನ ಹೊಸ ಸ್ವಯಂಸೇವಕರು ಹಡಗಿನಿಂದಲೇ ಇಳಿಸಿಕೊಂಡರು. ಸರ್ಕಾರ ನೇಮಿಸಿದ ದಂಡನಾಯಕ ಮಿರಾಬೊ ಲಮಾರ್‌ನನ್ನು ಸೈನಿಕರು ಮತ ಹಾಕಿ ತಿರಸ್ಕರಿಸಿದರು. 1837ರ ಫೆಬ್ರವರಿಯಲ್ಲಿ ಆಲ್ಬರ್ಟ್ ಸಿಡ್ನಿ ಜಾನ್‌ಸ್ಟನ್ ದಂಡನಾಯಕನಾಗಿ ಬಂದಾಗ, ಆವರೆಗೆ ಸೈನ್ಯವನ್ನು ನಡೆಸುತ್ತಿದ್ದ ಫೀಲಿಕ್ಸ್ ಹ್ಯೂಸ್ಟನ್ ದ್ವಂದ್ವಯುದ್ಧಕ್ಕೆ ಕರೆದು ಅವನನ್ನು ಗಾಯಗೊಳಿಸಿದನು. ಈ ಫೀಲಿಕ್ಸ್‌ಗೂ ಬೇಕಾಗಿದ್ದದ್ದು ಮತ್ತದೇ ಮಾತಮೊರೊಸ್. ಅದಕ್ಕಾಗಿ ಒತ್ತಾಯಿಸಲು ಅವನು ರಾಜಧಾನಿಗೆ ಹೋಗಿದ್ದಾಗ, ಆಗ ಅಧ್ಯಕ್ಷನಾಗಿದ್ದ ಸ್ಯಾಮ್ ಹ್ಯೂಸ್ಟನ್ ಮೇ ತಿಂಗಳಲ್ಲಿ ಸೈನ್ಯದ ಬಹುಭಾಗವನ್ನು ರಜೆಯ ಮೇಲೆ ಕಳುಹಿಸಿಬಿಟ್ಟನು. ಖಜಾನೆಯಲ್ಲಿ ಸಂಬಳಕ್ಕೆ ಹಣವಿರಲಿಲ್ಲ. ಅವರಿಗೆ ಕೊಡಲು ಸರ್ಕಾರದ ಬಳಿಯಿದ್ದದ್ದು ಭೂಮಿಯ ಪತ್ರಗಳು, ಮತ್ತು ಅಂಥ ಪತ್ರಗಳಲ್ಲಿ ಎಷ್ಟೋ ಬೇಗನೆ ಅಗ್ಗದ ಬೆಲೆಗೆ ಭೂಮಿಯ ದಲ್ಲಾಳಿಗಳ ಕೈ ಸೇರಿದವು.