ಮಕ್ಕಳಿಗೆ ಕಂಬಳ ತೋರಿಸುವುದಾದರೆ ಮೊದಲು ಕೋಣಗಳ ಹಟ್ಟಿಗೆ ಹೋಗಿ

ಕಂಬಳ ನೋಡಲೆಂದು ಮಕ್ಕಳನ್ನು ಕರೆದುಕೊಂಡು ಕರಾವಳಿಗೆ ಬರುವವರು ಸೀದಾ ಗದ್ದೆಗೇ ಹೋಗುತ್ತಾರೆ. ಅಲ್ಲಿ ಧ್ವನಿವರ್ಧಕದ ಅಬ್ಬರ, ನೂಕುನುಗ್ಗಲು. ಕೋಣಗಳು ಕಣ್ಣೆದುರಿಗೆ ಬಂದದ್ದೇ ತಡ, ಹೋಗಿಯೂ ಆಗಿರುತ್ತದೆ. ಕೋಣ ಎಂಥ ಜೀವ ಎಂಬುದು ಮಗುವಿಗೆ ತಿಳಿಯಬೇಕಾದರೆ ಒಂದು ಬೆಳಿಗ್ಗೆ ಅವುಗಳನ್ನು ಸಾಕುವ ಮನೆಯಲ್ಲಿ ಕಳೆಯಬೇಕು. ಧಾರವಾಡದಿಂದ ನಮ್ಮ ಉಡುಪಿಯ ಮನೆಗೆ ಬಂದಿದ್ದ ಸ್ನೇಹಿತರನ್ನೂ ಅವರ ಎಂಟು ವರ್ಷದ ಮಗಳನ್ನೂ ನಾನು ಕಾರ್ಕಳದ ಕಡೆಯ ಪರಿಚಯದವರ ಮನೆಗೆ ಕರೆದುಕೊಂಡು ಹೋದದ್ದು ಇದೇ ಕಾರಣಕ್ಕೆ.

ಹೋಗುವ ದಿನವನ್ನು ಯೋಚಿಸಿ ಆರಿಸಿಕೊಳ್ಳಿ. ನವೆಂಬರ್‌ನಿಂದ ಮಾರ್ಚ್-ಏಪ್ರಿಲ್‌ವರೆಗೆ ಎರಡು ಕರೆಗಳಲ್ಲಿ, ಎಂದರೆ ಓಟದ ಹಾದಿಗಳಲ್ಲಿ, ಜೋಡಿಗಳು ಅಕ್ಕಪಕ್ಕ ಓಡುವ ಜೋಡುಕರೆ ಕಂಬಳಗಳು ಹೆಚ್ಚಾಗಿ ಶನಿವಾರ, ಭಾನುವಾರ ನಡೆಯುತ್ತವೆ. ಶುಕ್ರವಾರ ಮನೆಯವರಿಗೆ ಹೊರಡುವ ಗಡಿಬಿಡಿ, ಸೋಮವಾರ ಕೋಣಗಳಿಗೆ ವಿಶ್ರಾಂತಿ. ಮಂಗಳವಾರವೋ ಬುಧವಾರವೋ ಬರಬಹುದೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಪರಿಚಯವಿಲ್ಲದಿದ್ದರೆ ಆ ಊರಿನವರೊಬ್ಬರ ಮೂಲಕವೇ ಹೋಗಿ. ಅದು ಪ್ರವಾಸಿ ತಾಣವಲ್ಲ, ಒಂದು ಮನೆ. ಉಡುಪಿಯಿಂದ ಕಾರ್ಕಳಕ್ಕೆ ಬಸ್ಸಿಗೆ ಕೊರತೆಯಿಲ್ಲ, ಆದರೆ ಒಳದಾರಿಗೆ ಸ್ವಂತ ವಾಹನವೇ ಅನುಕೂಲ. ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರಬೇಕು.

ನಾವು ಹೋದಾಗ ಹಟ್ಟಿಯಲ್ಲಿ ಫ್ಯಾನ್ ತಿರುಗುತ್ತಿತ್ತು. 'ಕೋಣಕ್ಕೂ ಫ್ಯಾನಾ ಅತ್ತೆ?' ಎಂದು ಹುಡುಗಿ ಕೇಳಿದಳು. ಕೋಣಗಳ ಚರ್ಮ ಕಪ್ಪು, ಬೆವರುವುದು ಬಹಳ ಕಡಿಮೆ. ಹಾಗಾಗಿ ಸೆಕೆ ಅವುಗಳಿಗೆ ತಡೆಯುವುದಿಲ್ಲ. ಕೆರೆಯಲ್ಲಿ ಈಜಿಸುವುದು ಮೈ ತಣಿಯಲೂ ಹೌದು, ಉಸಿರು ಗಟ್ಟಿಯಾಗಲೂ ಹೌದು. ಪಕ್ಕದ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಹುರುಳಿ ಬೇಯುತ್ತಿತ್ತು. ಅಲ್ಲಿನ ಆಹಾರಕ್ಕೆ ಲೆಕ್ಕವಿರುತ್ತದೆ, ಹೊತ್ತಿರುತ್ತದೆ. ಮಗುವಿನ ಕೈಯಿಂದ ಬಾಳೆಹಣ್ಣು ತಿನ್ನಿಸುವ ಆಸೆಯಿದ್ದರೂ ಕೇಳದೆ ಏನನ್ನೂ ಕೊಡಬೇಡಿ.

ಎಣ್ಣೆ ತಿಕ್ಕುವುದನ್ನು ಮಾತ್ರ ತಪ್ಪಿಸಿಕೊಳ್ಳಲೇಬೇಡಿ. ನೋಡಿಕೊಳ್ಳುವ ಅಣ್ಣ ಬೊಗಸೆಯಲ್ಲಿ ಎಣ್ಣೆ ಹಿಡಿದು ಹೆಗಲಿನಿಂದ ಆರಂಭಿಸಿದರು. ಅಂಗೈಯ ಬುಡದಿಂದ ಒತ್ತಿ ಒತ್ತಿ ತೊಡೆಯವರೆಗೆ ಇಳಿದರು. ಉದ್ದಕ್ಕೂ ತುಳುವಿನಲ್ಲಿ ಮೆಲ್ಲಗೆ ಮಾತಾಡಿಸುತ್ತಲೇ ಇದ್ದರು. ಕೋಣದ ಕಿವಿಗಳು ಆ ಧ್ವನಿಯ ಕಡೆಗೇ ತಿರುಗಿದ್ದವು. ಸ್ವಲ್ಪ ಹೊತ್ತಿಗೆ ಅದು ಕತ್ತು ತಗ್ಗಿಸಿ ತನ್ನ ಭಾರವನ್ನೆಲ್ಲ ಅವರ ಮೇಲೆಯೇ ಬಿಟ್ಟಿತು. ಹುಡುಗಿ ಅಪ್ಪನ ಕೈ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. 'ಎದುರಿನಿಂದ ಬಾರಮ್ಮ, ಹಿಂದಿನಿಂದ ಬೇಡ. ಹೆಗಲು ಮುಟ್ಟು' ಎಂದರು ಅವರು. ಅವಳು ಮುಟ್ಟಿದಳು, ಎಣ್ಣೆಯಾದ ಅಂಗೈ ನೋಡಿಕೊಂಡಳು, ಮತ್ತೆ ಮುಟ್ಟಿದಳು. ಅಷ್ಟು ಹೊತ್ತಿಗೆ ಅವಳಮ್ಮನಿಗೂ ಧೈರ್ಯ ಬಂದಿತ್ತು.

ಮಕ್ಕಳಿಗೆ ಮೊದಲೇ ಹೇಳಿಡಬೇಕಾದ್ದು ಇಷ್ಟೇ: ಓಡಬಾರದು, ಕೂಗಬಾರದು, ಹಗ್ಗ ದಾಟಬಾರದು. ಮೊಬೈಲ್ ಫ್ಲ್ಯಾಶ್ ದೊಡ್ಡವರೂ ಆರಿಸಿಡಬೇಕು.

2020ರಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ನಮ್ಮ ಸ್ನೇಹಿತರಿಗೆ ಗೊತ್ತಿತ್ತು. ಆ ಓಟದ ಹಿಂದೆ ವರ್ಷವಿಡೀ ನಡೆಯುವ ಇಂಥ ಚಾಕರಿ ಇದೆ ಎಂಬುದು ಅವರು ಅಲ್ಲಿಯೇ ಕಂಡದ್ದು. ಕಂಬಳವೆಂದರೆ ಗೆಲ್ಲುವ ಒಂದು ಕ್ಷಣ ಎಂದುಕೊಂಡವರಿಗೆ ಈ ಬೆಳಿಗ್ಗೆ ತೀರಾ ಅಗತ್ಯ ಎನ್ನುತ್ತೇನೆ.

'ಓಡುವಾಗ ಹೊಡೆಯುತ್ತಾರಾ?' ಎಂದು ಮಗು ಕೇಳಿಯೇ ಕೇಳುತ್ತದೆ. ಮಾತು ಮರೆಸಬೇಡಿ. ಇದೇ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು, 2017ರಲ್ಲಿ ರಾಜ್ಯ ಸರ್ಕಾರ ಕಂಬಳಕ್ಕೆ ಅವಕಾಶವಾಗುವಂತೆ ಪ್ರಾಣಿಹಿಂಸೆ ತಡೆಯುವ ಕಾನೂನಿಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅನಗತ್ಯವಾಗಿ ನೋಯಿಸಬಾರದು ಎಂಬುದು ಅದರ ಷರತ್ತು. ಇಷ್ಟನ್ನು ಎಂಟು ವರ್ಷದ ಮಗುವಿಗೂ ತಿಳಿಯುವಂತೆ ಹೇಳಬಹುದು. ಗದ್ದೆಯಲ್ಲಿ ಬೆತ್ತ ಎತ್ತುವುದು ಕಂಡರೆ ಅವಳು ಬೇಸರಪಡಲಿ. ಆ ಬೇಸರವೂ ಕೋಣದ ಮೇಲಿನ ಪ್ರೀತಿಯೇ.

ಮನೆಯವರಿಗೆ ದುಡ್ಡು ಕೊಡಲು ಹೋಗಬೇಡಿ, ಮುಜುಗರಪಡುತ್ತಾರೆ. ಹಣ್ಣೋ ನಿಮ್ಮೂರಿನ ಸಿಹಿಯೋ ಒಯ್ಯಿರಿ. ನಮ್ಮವರು ತಂದಿದ್ದ ಧಾರವಾಡ ಪೇಡೆ ಹಟ್ಟಿಯಲ್ಲೇ ಖಾಲಿಯಾಯಿತು. ಬಿಸಿಲೇರುವ ಮೊದಲು ಹೊರಟರೆ ಕಾರ್ಕಳದ ಗೊಮ್ಮಟನನ್ನೂ ನೋಡಬಹುದು. 1432ರ 42 ಅಡಿಯ ಮೂರ್ತಿ ಅದು. ಬಂಡೆಯ ಮೆಟ್ಟಿಲು ಬೇಗ ಕಾಯುವುದರಿಂದ ಮಧ್ಯಾಹ್ನ ಬೇಡ.

ಅದೇ ವಾರಾಂತ್ಯಕ್ಕೆ ಕಂಬಳವಿದ್ದರೆ ಆಮೇಲೆ ಗದ್ದೆಗೆ ಹೋಗಿ. ರಾತ್ರಿಯಿಡೀ ನಡೆಯುತ್ತದೆ, ಮಕ್ಕಳಿಗೆ ಅಷ್ಟು ಬೇಡ. ಸಂಜೆಯ ಎರಡು ಗಂಟೆ ಸಾಕು. ಕೋಣಗಳು ಓಡಿಬಂದು ನಿಲ್ಲುವ ಮಂಜೊಟ್ಟಿಯ ಬಳಿ ಮಗುವನ್ನು ನಿಲ್ಲಿಸಬೇಡಿ, ಕರೆಯ ಬದಿಯಲ್ಲಿ ಎತ್ತರದ ಜಾಗ ಹುಡುಕಿ. ನೀವು ಕಂಡ ಜೋಡಿ ಯಾವ ವಿಭಾಗದಲ್ಲಿ ಓಡುತ್ತದೆ, ನೇಗಿಲೋ ಹಗ್ಗವೋ, ಹಿರಿಯವೋ ಕಿರಿಯವೋ ಎಂದು ಮನೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ ಅಷ್ಟೊಂದು ಜೋಡಿಗಳ ನಡುವೆ ಅವನ್ನು ಗುರುತಿಸುವುದು ಕಷ್ಟ.