ಕಾಳು ಹರವಿದ ರಸ್ತೆಯಲ್ಲಿ ಬ್ರೇಕ್

ದಾವಣಗೆರೆ, ಜಗಳೂರು ಕಡೆ ಲಾರಿ ಓಡಿಸುವುದು ನನ್ನ ಕೆಲಸ. ಲೋಡ್ ಹೆಚ್ಚಾಗಿ ಮೆಕ್ಕೆಜೋಳ. ಹೊಸದಾಗಿ ಸ್ಟೀರಿಂಗ್ ಹಿಡಿಯುವ ಹುಡುಗರಿಗೆ ಮೊದಲು ಹೇಳುವ ಮಾತು ಒಂದೇ: ಕಾಳಿನ ಮೇಲೆ ಹೋಗಿ ಬ್ರೇಕ್ ಹಾಕಬೇಡ, ಕಾಳು ಕಂಡ ಕೂಡಲೇ ಸ್ಪೀಡ್ ಇಳಿಸು.

ಹೆದ್ದಾರಿ ಬಿಟ್ಟು ಹಳ್ಳಿ ದಾರಿಗೆ ಇಳಿದರೆ ಸುಗ್ಗಿಯಲ್ಲಿ ಅರ್ಧ ರಸ್ತೆಯೇ ಕಣ. ರೈತರನ್ನು ಸುಮ್ನೆ ಬೈಯುವುದು ನನಗೆ ಸರಿ ಕಾಣುವುದಿಲ್ಲ. ತೇವ 14 ಪರ್ಸೆಂಟ್‌ಗಿಂತ ಜಾಸ್ತಿ ಇದ್ದರೆ ಮೆಕ್ಕೆಜೋಳಕ್ಕೆ ರೇಟ್ ಬೀಳುತ್ತದೆ. ಕಣ ಇಲ್ಲದವರು ಎಲ್ಲಿ ಒಣಗಿಸಬೇಕು?

ಆದರೆ ಟೈರಿಗೂ ಡಾಂಬರಿಗೂ ನಡುವೆ ಕಾಳು ಸಿಕ್ಕರೆ ಗೋಲಿ ಥರ ಉರುಳುತ್ತದೆ. ಅದಕ್ಕಿಂತ ಅಪಾಯ ಇನ್ನೊಂದಿದೆ. ಎಡಗಡೆ ಚಕ್ರ ಕಾಳಿನ ಮೇಲೆ, ಬಲಗಡೆಯದು ಡಾಂಬರಿನ ಮೇಲೆ ಇದ್ದಾಗ ಜೋರಾಗಿ ಬ್ರೇಕ್ ಒತ್ತಿದರೆ, ಹಿಡಿತ ಇರುವ ಬಲಕ್ಕೆ ಗಾಡಿ ಎಳೆಯುತ್ತದೆ. ಎದುರಿಂದ ಬರುವವರು ಅಲ್ಲೇ ಇರುತ್ತಾರಲ್ವಾ? ಖಾಲಿ ಲಾರಿಯಾದರೆ ಹಿಂದಿನ ಚಕ್ರ ಇನ್ನೂ ಬೇಗ ಜಾರುತ್ತದೆ.

"ಅಣ್ಣಾ, ಎಬಿಎಸ್ ಇದೆಯಲ್ಲ?" ಎಂದು ಜೊತೆಗಿದ್ದ ಹುಡುಗ ಕೇಳಿದ.

"ಇದೆ ತಮ್ಮಾ. ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳುತ್ತೆ, ಸ್ಟೀರಿಂಗ್ ತಿರುಗಿಸಿದ ಕಡೆ ಗಾಡಿ ಬರುತ್ತೆ. ಕಾಳು, ಜಲ್ಲಿ ಮೇಲೆ ಬೇಗ ನಿಲ್ಲಿಸಿಕೊಡಲ್ಲ."

60ರ ಸ್ಪೀಡಲ್ಲಿ ಹೋಗುವ ಕಾರಿಗೆ ಬ್ರೇಕ್ ಒತ್ತಿದ ಮೇಲೆ ಒಣ ಡಾಂಬರಿನಲ್ಲಿ ಸುಮಾರು 20 ಮೀಟರ್ ಬೇಕು. ಒದ್ದೆಯಾದರೆ 35ರ ಹತ್ತಿರ. ಲೋಡ್ ಲಾರಿಗೆ ಇನ್ನೂ ಜಾಸ್ತಿ. ಸ್ಪೀಡ್ ಎರಡು ಪಟ್ಟಾದರೆ ಈ ದೂರ ನಾಲ್ಕು ಪಟ್ಟಾಗುತ್ತದೆ. ಮೊದಲ ಮಳೆಯಲ್ಲಂತೂ ಧೂಳು, ಎಣ್ಣೆ ನೀರಿಗೆ ಕಲೆತು ರಸ್ತೆ ಪೂರಾ ಜಾರುತ್ತದೆ.

ರಾತ್ರಿ ರಾಶಿಗೆ ಕಪ್ಪು ತಾಡಪಾಲು ಹೊದಿಸಿ ಸುತ್ತ ಕಲ್ಲಿಟ್ಟಿರುತ್ತಾರೆ. ಡಿಮ್ ಲೈಟಿನಲ್ಲಿ ಹತ್ತಿರ ಹೋಗುವ ತನಕ ಕಾಣುವುದೇ ಇಲ್ಲ. ಬೈಕಿನವರಿಗೆ ಆ ಕಲ್ಲೇ ಯಮ. ರಾಶಿ ಎತ್ತಿದ ಮೇಲೆ ಕಲ್ಲನ್ನೂ ಎತ್ತಿಬಿಡಿ ಎಂದು ಹಳ್ಳಿಗಳಲ್ಲಿ ಕೈ ಮುಗಿದು ಕೇಳುತ್ತೇನೆ. ರಾಶಿಯ ಪಕ್ಕ ಒಂದು ಬಿಳಿ ಚೀಲ ಕಟ್ಟಿದರೂ ಲೈಟಿಗೆ ಕಾಣುತ್ತದೆ.

ಹುರುಳಿ ಒಕ್ಕಣೆ ಹಾಕಿರುವ ಕಡೆ ಬೇರೆ ಭಯ. ಬಳ್ಳಿ ಗಾಡಿಯ ಅಡಿಗೆ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತಬಹುದು. ಆ ಜಾಗ ದಾಟಿದ ತಕ್ಷಣ ನಿಲ್ಲಿಸಿ, ಬಗ್ಗಿ ನೋಡಿ. ಸಿಕ್ಕಿಕೊಂಡಿದ್ದನ್ನು ಕೊಯ್ದು ತೆಗೆಯಲು ಕ್ಯಾಬಿನ್‌ನಲ್ಲಿ ಒಂದು ಕುಡುಗೋಲು ಇಟ್ಟುಕೊಂಡಿರಿ.